ಆರ್ಕ್ಟಿಕ್ ತಿಮಿಂಗಿಲಗಳ ಕಿವಿಗೆ ಬೀಳುತ್ತಿರುವ ಸದ್ದು

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದು, ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಗೆ ನೀಡಿದ ಉತ್ತರವನ್ನೂ ಸೇರಿಸಿದ್ದೇನೆ.)

ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ಸಮುದ್ರದ ನೀರಿನಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ. ಬೆಳಕಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ತಿಳಿಯಾದ ಕಡಲಿನಲ್ಲಿ ಕೂಡ ಇನ್ನೂರು ಮೀಟರ್ ಕೆಳಗಿಳಿಯುವಷ್ಟರಲ್ಲಿ ಬೆಳಕು ಹೆಚ್ಚುಕಡಿಮೆ ಮುಗಿದಿರುತ್ತದೆ. ಆರ್ಕ್ಟಿಕ್ ಸಾಗರದಲ್ಲಂತೂ ವರ್ಷದ ಹಲವು ತಿಂಗಳು ಸೂರ್ಯನೇ ಮೇಲೇಳುವುದಿಲ್ಲ, ಎದ್ದಾಗಲೂ ಮೇಲೆ ಮಂಜುಗಡ್ಡೆಯ ಮುಚ್ಚಿಗೆ ಇರುತ್ತದೆ. ಅಂಥ ನೀರಿನಲ್ಲಿ ಬದುಕುವ ಪ್ರಾಣಿಗೆ ಆಹಾರ ಎಲ್ಲಿದೆ, ಮರಿ ಎಲ್ಲಿದೆ, ಉಸಿರಾಡಲು ಬಿರುಕು ಎಲ್ಲಿದೆ, ಶತ್ರು ಎತ್ತಲಿಂದ ಬರುತ್ತಿದೆ ಎಂಬುದೆಲ್ಲವೂ ಕಿವಿಯಿಂದಲೇ ತಿಳಿಯಬೇಕು.

ವರ್ಷವಿಡೀ ಆರ್ಕ್ಟಿಕ್ ಪ್ರದೇಶದಲ್ಲೇ ಉಳಿಯುವ ತಿಮಿಂಗಿಲಗಳು ಮೂರೇ: ಬೋಹೆಡ್, ಬೆಲೂಗಾ ಮತ್ತು ನಾರ್ವಾಲ್. ಬೆನ್ನಿನ ಮೇಲೆ ಈಜುರೆಕ್ಕೆ ಎದ್ದು ನಿಂತಿದ್ದರೆ ಮಂಜುಗಡ್ಡೆಯ ಕೆಳಗೆ ಓಡಾಡಲು ಅಡ್ಡಿಯಾಗುತ್ತದೆ. ಈ ಮೂರಕ್ಕೂ ಅದು ಇಲ್ಲ. ಬೋಹೆಡ್ ತನ್ನ ದಪ್ಪ ತಲೆಯಿಂದ ಮಂಜುಗಡ್ಡೆಯನ್ನು ಒಡೆದು ಉಸಿರಾಡುತ್ತದೆ ಮತ್ತು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. 2007ರಲ್ಲಿ ಅಲಾಸ್ಕಾದ ಬಳಿ ಬೇಟೆಯಾದ ಒಂದು ಬೋಹೆಡ್‌ನ ಮೈಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಯಾರಾದ ಸಿಡಿಮದ್ದಿನ ಈಟಿಯ ತುಂಡು ಸಿಕ್ಕಿತ್ತು. ಇಂದು ಜೀವಂತವಾಗಿರುವ ಕೆಲವು ಬೋಹೆಡ್‌ಗಳು ಹಾಯಿಹಡಗುಗಳ ಕಾಲದ ಸಮುದ್ರವನ್ನು ಕೇಳಿರಬಹುದು ಎಂಬುದು ಉತ್ಪ್ರೇಕ್ಷೆಯಲ್ಲ. ಆ ಸಮುದ್ರ ಹೇಗಿತ್ತು, ಈಗ ಹೇಗಾಗಿದೆ ಎಂಬುದೇ ಈ ಉಪನ್ಯಾಸದ ವಿಷಯ. ತಾಪಮಾನ ಏರಿಕೆ ಮತ್ತು ಶಬ್ದಮಾಲಿನ್ಯವನ್ನು ನಾವು ಸಾಮಾನ್ಯವಾಗಿ ಎರಡು ಬೇರೆ ಅಧ್ಯಾಯಗಳಲ್ಲಿ ಓದುತ್ತೇವೆ. ಆರ್ಕ್ಟಿಕ್‌ನಲ್ಲಿ ಅವೆರಡೂ ಒಂದೇ ಪ್ರಕ್ರಿಯೆಯ ಎರಡು ಮುಖಗಳು ಎಂಬುದು ನನ್ನ ವಾದ.

ಸಮುದ್ರದಲ್ಲಿ ಶಬ್ದ ನೇರವಾಗಿ ಸಾಗುವುದಿಲ್ಲ, ಅದು ತನ್ನ ವೇಗ ಕಡಿಮೆಯಿರುವ ಪದರದ ಕಡೆಗೆ ಬಾಗುತ್ತದೆ. ನೀರು ಬೆಚ್ಚಗಾದಷ್ಟೂ, ಒತ್ತಡ ಹೆಚ್ಚಾದಷ್ಟೂ ವೇಗ ಹೆಚ್ಚುತ್ತದೆ. ನಮ್ಮ ಅರಬ್ಬೀ ಸಮುದ್ರದಂಥ ಉಷ್ಣವಲಯದ ಕಡಲಿನಲ್ಲಿ ಮೇಲ್ಪದರ ಬೆಚ್ಚಗಿರುತ್ತದೆ, ತಳದಲ್ಲಿ ಒತ್ತಡ ಹೆಚ್ಚಿರುತ್ತದೆ. ಹೀಗಾಗಿ ಶಬ್ದದ ವೇಗ ಅತಿ ಕಡಿಮೆ ಇರುವ ಪದರ ಸಾವಿರ ಮೀಟರ್ ಅಥವಾ ಇನ್ನೂ ಹೆಚ್ಚಿನ ಆಳದಲ್ಲಿ ಸಿಗುತ್ತದೆ. ಆರ್ಕ್ಟಿಕ್‌ನಲ್ಲಿ ಅತ್ಯಂತ ತಣ್ಣಗಿನ ನೀರು ಮಂಜುಗಡ್ಡೆಗೆ ಅಂಟಿಕೊಂಡ ಮೇಲ್ಪದರದಲ್ಲೇ ಇರುವುದರಿಂದ ಅಲ್ಲಿ ಶಬ್ದ ಮತ್ತೆ ಮತ್ತೆ ಮೇಲಕ್ಕೆ ಬಾಗಿ, ಮಂಜುಗಡ್ಡೆಯ ಒರಟಾದ ಕೆಳಮೈಗೆ ಬಡಿದು ಚದುರುತ್ತದೆ. ಪ್ರತಿ ಬಡಿತಕ್ಕೂ ಅದರ ಶಕ್ತಿ ಕುಂದುತ್ತದೆ, ಅದರಲ್ಲೂ ಹೆಚ್ಚಿನ ಕಂಪನಾಂಕದ ಧ್ವನಿಗಳು ಬೇಗ ಅಳಿಯುತ್ತವೆ. ಇದರ ಜೊತೆಗೆ, ಗಡ್ಡೆ ಮುಚ್ಚಿದ ಕಡಲಿನಲ್ಲಿ ಗಾಳಿ ಅಲೆಯೆಬ್ಬಿಸಲಾರದು, ಹಡಗೂ ಬರಲಾರದು. ಗಡ್ಡೆಯೇ ಬಿರಿಯುವಾಗ, ಒಂದಕ್ಕೊಂದು ಉಜ್ಜುವಾಗ ದೊಡ್ಡ ಸದ್ದಾಗುತ್ತದೆ, ನಿಜ. ಹಿಮನದಿಗಳು ಕಡಲಿಗಿಳಿಯುವ ಕಿರುಕೊಲ್ಲಿಗಳಲ್ಲಿ, ಹಳೆಯ ಹಿಮದೊಳಗೆ ಒತ್ತಡದಲ್ಲಿ ಸಿಲುಕಿದ ಗಾಳಿಗುಳ್ಳೆಗಳು ಕರಗುವಾಗ ಒಡೆಯುವುದರಿಂದ ಎಡೆಬಿಡದ ಚಟಪಟ ಸದ್ದು ಕೇಳುತ್ತದೆ. ಆದರೆ ಗಾಳಿಯಿಲ್ಲದ, ಗಟ್ಟಿಯಾಗಿ ಹೆಪ್ಪುಗಟ್ಟಿದ ದಿನಗಳಲ್ಲಿ ಮಂಜುಗಡ್ಡೆಯ ಕೆಳಗಿನ ನೀರು ಜಗತ್ತಿನ ಕಡಲುಗಳಲ್ಲಿ ಅಳೆದಿರುವ ಅತ್ಯಂತ ನಿಶ್ಶಬ್ದ ತಾಣಗಳಲ್ಲಿ ಒಂದು.

ಈ ಮುಚ್ಚಿಗೆ ಈಗ ಸರಿಯುತ್ತಿದೆ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು ಫಿನ್‌ಲೆಂಡಿನ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ತೋರಿಸಿದರು. ಬೇಸಿಗೆಯ ಕೊನೆಯಲ್ಲಿ, ಅಂದರೆ ಸೆಪ್ಟೆಂಬರಿನಲ್ಲಿ, ಉಳಿಯುವ ಕಡಲ ಹಿಮದ ವಿಸ್ತಾರ 1980ರ ದಶಕದಲ್ಲಿ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಇತ್ತು. 2012ರಲ್ಲಿ ಅದು ಸುಮಾರು 34 ಲಕ್ಷಕ್ಕೆ ಕುಸಿಯಿತು. ಗಡ್ಡೆ ಹೋದ ಕಡೆ ಗಾಳಿ ಅಲೆಗಳನ್ನೆಬ್ಬಿಸುತ್ತದೆ, ಅಲೆಗಳ ಸದ್ದು ನೀರಿಗಿಳಿಯುತ್ತದೆ, ಹಿಂದೆಯೇ ಹಡಗುಗಳು ಬರುತ್ತವೆ. ಧ್ರುವಪ್ರದೇಶದ ನೌಕಾ ಸಂಹಿತೆ ಅನ್ವಯಿಸುವ ಆರ್ಕ್ಟಿಕ್ ವಲಯವನ್ನು ಪ್ರವೇಶಿಸಿದ ಹಡಗುಗಳ ಸಂಖ್ಯೆ 2013ರಿಂದ 2023ರ ನಡುವೆ ಶೇ. 37ರಷ್ಟು ಹೆಚ್ಚಿದೆ, ಅವು ಕ್ರಮಿಸಿದ ಒಟ್ಟು ದೂರವಂತೂ ಎರಡು ಪಟ್ಟಿಗೂ ಮಿಗಿಲಾಗಿದೆ.

ಅಲಾಸ್ಕಾದ ಉತ್ತರಕ್ಕಿರುವ ಬ್ಯೂಫೋರ್ಟ್ ಸಮುದ್ರದಲ್ಲಿ ಇನ್ನೂ ಸೂಕ್ಷ್ಮವಾದ ಬದಲಾವಣೆಯೊಂದು ನಡೆದಿದೆ. ಬೇರಿಂಗ್ ಜಲಸಂಧಿಯ ಮೂಲಕ ಬರುವ ಪೆಸಿಫಿಕ್‌ನ ಬೆಚ್ಚನೆಯ ಬೇಸಿಗೆ ನೀರು ಈಗ ಹೆಚ್ಚಾಗಿದ್ದು, ಅದು ಸುಮಾರು 50ರಿಂದ 80 ಮೀಟರ್ ಆಳದಲ್ಲಿ ಒಂದು ಪದರವಾಗಿ ಹರಡಿಕೊಂಡಿದೆ. ಇನ್ನೂ ಆಳದಲ್ಲಿ ಅಟ್ಲಾಂಟಿಕ್‌ನಿಂದ ಬಂದ ಬೆಚ್ಚನೆಯ ನೀರು ಇದೆ. ಇವೆರಡರ ನಡುವೆ, 100ರಿಂದ 200 ಮೀಟರ್ ಆಳದ ಆಸುಪಾಸಿನಲ್ಲಿ, ತಣ್ಣನೆಯ ನೀರು ಸಿಕ್ಕಿಕೊಂಡಿದೆ. ಆ ಪದರಕ್ಕೆ ಇಳಿದ ಶಬ್ದ ಮೇಲೇರಿ ಮಂಜುಗಡ್ಡೆಯನ್ನು ಮುಟ್ಟುವುದೇ ಇಲ್ಲ. ಹೆಚ್ಚು ಶಕ್ತಿಯನ್ನು ಕಳೆದುಕೊಳ್ಳದೆ ನೂರಾರು ಕಿಲೋಮೀಟರ್ ಸಾಗುತ್ತದೆ. ಅಂದರೆ ಗಡ್ಡೆ ಇನ್ನೂ ಉಳಿದಿರುವ ಕಡೆಯಲ್ಲೂ ಅದರ ರಕ್ಷಣೆ ಮೊದಲಿನಂತಿಲ್ಲ. ನೀರು ಬೆಚ್ಚಗಾಗಿದ್ದಕ್ಕೇ ಸದ್ದು ದೂರ ಹೋಗುತ್ತದೆ ಎಂಬ ಈ ಅಂಶ ಸಾರ್ವಜನಿಕ ಚರ್ಚೆಯಲ್ಲಿ ಬರುವುದೇ ಅಪರೂಪ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಿಬಿಡುತ್ತೇನೆ. ಸಮುದ್ರದ ಸದ್ದಿನ ಬಗ್ಗೆ ಬರುವ ಪತ್ರಿಕಾ ವರದಿಗಳಲ್ಲಿ 'ಜೆಟ್ ವಿಮಾನಕ್ಕಿಂತ ಹೆಚ್ಚು ಡೆಸಿಬೆಲ್' ಎಂಬ ಮಾತು ಆಗಾಗ ಕಾಣುತ್ತದೆ. ನೀರಿನಲ್ಲೂ ಗಾಳಿಯಲ್ಲೂ ಡೆಸಿಬೆಲ್ ಲೆಕ್ಕದ ಆಧಾರಮಟ್ಟ ಬೇರೆ ಬೇರೆ, ಮಾಧ್ಯಮದ ಗುಣವೂ ಬೇರೆ. ಹೀಗಾಗಿ ಎರಡರ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಸಲ್ಲದು. ತಿಮಿಂಗಿಲದ ಕಷ್ಟವನ್ನು ತಿಳಿಯಲು ಆ ಹೋಲಿಕೆಯ ಅಗತ್ಯವೂ ಇಲ್ಲ, ಅದರ ನಡವಳಿಕೆಯನ್ನೇ ನೋಡಿದರಾಯಿತು.

ನೀರಿನೊಳಗೆ ಕಿವಿಯಿಟ್ಟು ಕೇಳುವುದರಿಂದ ಏನು ತಿಳಿಯಬಹುದು ಎಂಬುದಕ್ಕೆ ಅಲಾಸ್ಕಾದ ಉಟ್ಕಿಯಾಗ್ವಿಕ್‌ನ ಪ್ರಸಂಗ ಒಳ್ಳೆಯ ನಿದರ್ಶನ. ಆಗ ಬ್ಯಾರೊ ಎಂದು ಕರೆಯುತ್ತಿದ್ದ ಆ ಊರಿನ ಇನುಪಿಯಾಟ್ ಜನರಿಗೆ ಬೋಹೆಡ್ ಬೇಟೆ ಊಟವೂ ಹೌದು, ಸಮುದಾಯದ ಬದುಕೂ ಹೌದು. ಬೋಹೆಡ್‌ಗಳು ತೀರಾ ಕಡಿಮೆಯಾಗಿವೆ ಎಂಬ ಅಂದಾಜಿನ ಮೇಲೆ 1977ರಲ್ಲಿ ಅಂತಾರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ ಈ ಬೇಟೆಯನ್ನು ನಿಷೇಧಿಸಿತು (ಮುಂದೆ ಮಿತಿ ಹಾಕಿ ಮತ್ತೆ ಅನುಮತಿಸಿತು). ಗಣತಿದಾರರು ಮಂಜುಗಡ್ಡೆಯ ಅಂಚಿನಲ್ಲಿ ನಿಂತು, ತೆರೆದ ನೀರಿನಲ್ಲಿ ಕಣ್ಣಿಗೆ ಬಿದ್ದ ತಿಮಿಂಗಿಲಗಳನ್ನಷ್ಟೇ ಎಣಿಸುತ್ತಿದ್ದರು. ಹ್ಯಾರಿ ಬ್ರೌವರ್ ಸೀನಿಯರ್ ಅವರಂಥ ಹಿರಿಯ ಬೇಟೆಗಾರರು ಹೇಳಿದ್ದು ಬೇರೆ: ಬೋಹೆಡ್‌ಗಳು ಗಡ್ಡೆಯ ಕೆಳಗೂ, ಅಂಚಿನಿಂದ ಬಹು ದೂರದಲ್ಲೂ ಸಾಗುತ್ತವೆ, ಅವನ್ನು ನೀವು ನೋಡುತ್ತಲೇ ಇಲ್ಲ. 1980ರ ದಶಕದಲ್ಲಿ ಹೈಡ್ರೋಫೋನ್‌ಗಳನ್ನು, ಅಂದರೆ ನೀರಿನೊಳಗಿನ ಮೈಕ್ರೊಫೋನ್‌ಗಳನ್ನು ಇಳಿಸಿ ಕೇಳಿದಾಗ ಬೇಟೆಗಾರರ ಮಾತು ನಿಜವೆಂದು ಸಿದ್ಧವಾಯಿತು. ಕಣ್ಣಿಗೆ ಕಾಣದ ತಿಮಿಂಗಿಲಗಳು ಕಿವಿಗೆ ಸಿಕ್ಕಿದವು. ಎಣಿಕೆಯ ಕ್ರಮ ಸುಧಾರಿಸಿದ್ದರಿಂದಲೂ, ನಿಜಕ್ಕೂ ಸಂತತಿ ಬೆಳೆದದ್ದರಿಂದಲೂ 2011ರ ಹೊತ್ತಿಗೆ ಆ ಸಮೂಹದ ಅಂದಾಜು ಸುಮಾರು 16,800ಕ್ಕೆ ಏರಿತ್ತು.

ಗ್ರೀನ್‌ಲೆಂಡ್ ಮತ್ತು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದ ನಡುವಿನ ಫ್ರಾಮ್ ಜಲಸಂಧಿಯಲ್ಲಿ ಇನ್ನೊಂದು ಬೋಹೆಡ್ ಸಮೂಹವಿದೆ. ಹದಿನೇಳನೆಯ ಶತಮಾನದಿಂದ ನಡೆದ ವಾಣಿಜ್ಯ ಬೇಟೆಯಲ್ಲಿ ಅದು ಬಹುತೇಕ ನಾಶವಾಗಿತ್ತು. ಕೇಟ್ ಸ್ಟಾಫರ್ಡ್ ಮತ್ತು ಸಂಗಡಿಗರು ಅಲ್ಲಿ ಇಟ್ಟಿದ್ದ ಹೈಡ್ರೋಫೋನ್‌ನಲ್ಲಿ ಮೂರು ವರ್ಷಗಳ ಅವಧಿಯಲ್ಲಿ 184 ಬಗೆಯ ಹಾಡುಗಳು ದಾಖಲಾದವು. ಚಳಿಗಾಲದ ಕತ್ತಲೆಯಲ್ಲಿ, ಗಡ್ಡೆಯ ಕೆಳಗೆ, ನವೆಂಬರಿನಿಂದ ಏಪ್ರಿಲ್‌ವರೆಗೆ ಹಗಲುರಾತ್ರಿಯೆನ್ನದೆ ಅವು ಹಾಡುತ್ತಿದ್ದವು. ಬೋಹೆಡ್‌ನ ಕರೆಗಳಲ್ಲಿ ಹೆಚ್ಚಿನವು 500 ಹರ್ಟ್ಜ್‌ಗಿಂತ ಕೆಳಗಿನವು. ದೊಡ್ಡ ಹಡಗುಗಳ ಪ್ರೊಪೆಲರ್ ಮತ್ತು ಎಂಜಿನ್ನುಗಳ ಸದ್ದು ದಟ್ಟವಾಗಿರುವುದೂ ಅದೇ ವ್ಯಾಪ್ತಿಯಲ್ಲಿ.

ಬೋಹೆಡ್‌ಗಳ ಮೇಲೆ ಏರ್‌ಗನ್ನಿನ ಪರಿಣಾಮವನ್ನು ಬ್ಯೂಫೋರ್ಟ್ ಸಮುದ್ರದಲ್ಲಿ ಹಲವು ವರ್ಷ ಅಭ್ಯಸಿಸಲಾಗಿದೆ. ಕಡಲತಳದ ಕೆಳಗಿನ ತೈಲ ಮತ್ತು ಅನಿಲವನ್ನು ಹುಡುಕುವ ಹಡಗುಗಳು ಒತ್ತಿ ತುಂಬಿದ ಗಾಳಿಯನ್ನು ಕೆಲವು ಸೆಕೆಂಡಿಗೊಮ್ಮೆ ನೀರಿಗೆ ಸಿಡಿಸಿ, ತಳದ ಶಿಲಾಪದರಗಳಿಂದ ಮರಳುವ ಪ್ರತಿಧ್ವನಿಯನ್ನು ದಾಖಲಿಸುತ್ತವೆ. ಈ ಕೆಲಸ ದಿನಗಟ್ಟಲೆ ನಡೆಯುತ್ತದೆ. ಸುಸಾನಾ ಬ್ಲ್ಯಾಕ್‌ವೆಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏರ್‌ಗನ್ನಿನ ಸದ್ದು ದೂರದಲ್ಲಿ ಸಣ್ಣಗೆ ಕೇಳಲಾರಂಭಿಸಿದೊಡನೆ ಬೋಹೆಡ್‌ಗಳು ಹೆಚ್ಚು ಹೆಚ್ಚು ಕರೆಯುತ್ತವೆ. ಸದ್ದು ಏರಿದಂತೆ ಕರೆಯುವ ಪ್ರಮಾಣ ಒಂದು ಮಟ್ಟದಲ್ಲಿ ನಿಲ್ಲುತ್ತದೆ, ನಂತರ ಇಳಿಯುತ್ತದೆ, ಕೊನೆಗೆ ಅವು ಪೂರ್ತಿ ಮೌನವಾಗುತ್ತವೆ. ಆ ಮೌನದಿಂದ ಗಣತಿಗೂ ತೊಡಕಿದೆ. ಸಮೀಕ್ಷೆಯ ಹಡಗಿನ ಸುತ್ತ ಹೈಡ್ರೋಫೋನ್ ಇಳಿಸಿ 'ಇಲ್ಲಿ ತಿಮಿಂಗಿಲಗಳೇ ಇಲ್ಲ' ಎಂದು ವರದಿ ಬರೆಯುವವರು, ಅವು ಇದ್ದೂ ಸುಮ್ಮನಾಗಿರಬಹುದು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಇನ್ನು ನಾರ್ವಾಲ್. ಗಂಡು ನಾರ್ವಾಲ್‌ನ ಎಡ ಕೋರೆಹಲ್ಲು ಮೇಲ್ತುಟಿಯನ್ನು ಸೀಳಿಕೊಂಡು ತಿರುಪಿನಂತೆ ಮೂರು ಮೀಟರ್‌ವರೆಗೂ ಬೆಳೆಯುತ್ತದೆ. ಜನ ಅದರ ಚಿತ್ರವನ್ನು ನೆನಪಿಡುವುದು ಈ ದಂತದಿಂದ. ನಮಗೆ ಇಲ್ಲಿ ಮುಖ್ಯವಾದದ್ದು ಅದು ಊಟ ಹುಡುಕುವ ಬಗೆ. ಹಾಲಿಬಟ್ ಮೀನು ಮತ್ತು ಸ್ಕ್ವಿಡ್‌ಗಳನ್ನು ಅರಸಿ ನಾರ್ವಾಲ್ 1,500 ಮೀಟರ್‌ಗಿಂತಲೂ ಆಳಕ್ಕೆ ಮುಳುಗಬಲ್ಲದು. ಮುಳುಗುವಾಗ ಕ್ಲಿಕ್ ಕ್ಲಿಕ್ ಎಂಬ ಧ್ವನಿಗಳನ್ನು ಹೊರಡಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಬೇಟೆಯ ಜಾಗವನ್ನು ಗುರುತಿಸುತ್ತದೆ. ಬೇಟೆ ಹತ್ತಿರವಾದಂತೆ ಕ್ಲಿಕ್‌ಗಳ ನಡುವಿನ ಅಂತರ ಕುಗ್ಗುತ್ತ, ಕೊನೆಗೆ ಅವೆಲ್ಲ ಕೂಡಿ ಜೇಂಕಾರದಂತೆ ಕೇಳುತ್ತವೆ. ಹಾಗಾಗಿ ಜೇಂಕಾರಗಳನ್ನು ಎಣಿಸಿದರೆ ಅದು ಎಷ್ಟು ಬಾರಿ ತುತ್ತಿಗೆ ಬಾಯಿ ಹಾಕಿತು ಎಂಬುದು ಗೊತ್ತಾಗುತ್ತದೆ.

ಪೂರ್ವ ಗ್ರೀನ್‌ಲೆಂಡಿನ ಸ್ಕೋರ್ಸ್‌ಬಿ ಸೌಂಡ್ ಎಂಬ ದೊಡ್ಡ ಕಿರುಕೊಲ್ಲಿ ವ್ಯವಸ್ಥೆಯಲ್ಲಿ 2017 ಮತ್ತು 2018ರಲ್ಲಿ ಔಟಿ ಟೆರ್ವೊ, ಮ್ಯಾಡ್ಸ್ ಪೀಟರ್ ಹೈಡೆ-ಯೋರ್ಗೆನ್ಸನ್ ಮತ್ತು ಸಂಗಡಿಗರು ಇದನ್ನೇ ಮಾಡಿದರು. ಸ್ಥಳೀಯ ಬೇಟೆಗಾರರ ನೆರವಿನಿಂದ ನಾರ್ವಾಲ್‌ಗಳನ್ನು ಬಲೆಯಲ್ಲಿ ಹಿಡಿದು, ಬೆನ್ನಿಗೆ ಧ್ವನಿ ಮತ್ತು ಆಳವನ್ನು ದಾಖಲಿಸುವ ಉಪಕರಣ ಅಂಟಿಸಿ ಬಿಟ್ಟರು. ನಂತರ ಆ ನೀರಿನಲ್ಲಿ ಹಡಗೊಂದನ್ನು ಓಡಿಸಿ, ಕೆಲವೊಮ್ಮೆ ಏರ್‌ಗನ್ ಸಿಡಿಸಿ, ಕೆಲವೊಮ್ಮೆ ಹಡಗನ್ನಷ್ಟೇ ಚಲಾಯಿಸಿ ಪರೀಕ್ಷಿಸಿದರು. ಹಡಗು 12 ಕಿಲೋಮೀಟರ್ ದೂರದಲ್ಲಿದ್ದಾಗ ಜೇಂಕಾರಗಳ ಪ್ರಮಾಣ ಅರ್ಧಕ್ಕೆ ಇಳಿಯಿತು. 7-8 ಕಿಲೋಮೀಟರ್‌ಗೆ ಬಂದಾಗ ನಾರ್ವಾಲ್‌ಗಳು ಉಣ್ಣುವುದನ್ನೇ ನಿಲ್ಲಿಸಿದವು. ಪರಿಣಾಮ 40 ಕಿಲೋಮೀಟರ್ ಆಚೆಗೂ ಗುರುತಿಸುವಂತಿತ್ತು. ಅಷ್ಟು ದೂರದಲ್ಲಿ ಹಡಗಿನ ಸದ್ದು ಸಮುದ್ರದ ಸಹಜ ಸದ್ದಿನೊಳಗೆ ಮುಳುಗಿಹೋಗಿತ್ತು. ಆದರೂ, ಗಿಜಿಗುಡುವ ಸಂತೆಯಲ್ಲಿ ಯಾರೋ ನಮ್ಮ ಹೆಸರು ಹಿಡಿದು ಕರೆದರೆ ನಮಗೆ ಕೇಳಿಸುವಂತೆ, ನಾರ್ವಾಲ್‌ಗೆ ಅದು ಕೇಳಿಸುತ್ತಿತ್ತು.

ನಾರ್ವಾಲ್ ಹೆದರಿದಾಗ ಅದರ ದೇಹದೊಳಗೆ ಏನಾಗುತ್ತದೆ ಎಂಬುದನ್ನು ಟೆರಿ ವಿಲಿಯಮ್ಸ್ ಅವರ ತಂಡ 2017ರಲ್ಲಿ ಪ್ರಕಟಿಸಿತು. ಬಲೆಯಿಂದ ಬಿಡುಗಡೆಯಾದ ನಾರ್ವಾಲ್ ರಭಸದಿಂದ ಬಾಲ ಬಡಿಯುತ್ತ ಆಳಕ್ಕೆ ಧಾವಿಸುವಾಗ ಅದರ ಹೃದಯ ನಿಮಿಷಕ್ಕೆ ಮೂರು ನಾಲ್ಕು ಬಾರಿ ಮಾತ್ರ ಬಡಿಯುತ್ತಿತ್ತು. ಅಪಾಯ ಬಂದಾಗ ಪ್ರಾಣಿಗಳು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತವೆ: ಎದೆಬಡಿತ ತಗ್ಗಿಸಿ ಸ್ತಬ್ಧವಾಗುತ್ತವೆ, ಇಲ್ಲವೇ ಎದೆಬಡಿತ ಏರಿಸಿ ಓಡುತ್ತವೆ. ನಾರ್ವಾಲ್ ಎರಡನ್ನೂ ಒಟ್ಟಿಗೆ ಮಾಡುತ್ತದೆ, ಆಗ ಸ್ನಾಯುಗಳಿಗೂ ಮೆದುಳಿಗೂ ಆಮ್ಲಜನಕ ಸಾಲದೆ ಹೋಗುವ ಅಪಾಯವಿದೆ. ಏರ್‌ಗನ್ ಸದ್ದಿಗೆ ಒಡ್ಡಿಕೊಂಡ ನಾರ್ವಾಲ್‌ಗಳಲ್ಲೂ ಇದೇ ಬಗೆಯ ಪ್ರತಿಕ್ರಿಯೆ ಕಂಡಿತು, ಒಂದು ಮುಳುಗಿಗೆ ತಗಲುವ ಶಕ್ತಿ ಸುಮಾರು ಇಮ್ಮಡಿಯಾಗಿತ್ತು.

ಈಗ ಕಾನೂನಿನ ಕಡೆ ನೋಡಿ. ಅಮೆರಿಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾನದಂಡದಂತೆ, ಎಡೆಬಿಡದ ಸದ್ದು 120 ಡೆಸಿಬೆಲ್, ಏರ್‌ಗನ್‌ನಂಥ ಸಿಡಿತದ ಸದ್ದು 160 ಡೆಸಿಬೆಲ್ ಮೀರಿದರೆ ಕಡಲ ಸಸ್ತನಿಗಳಿಗೆ ತೊಂದರೆಯೆಂದು ಎಣಿಸಲಾಗುತ್ತದೆ. ಸಹಜ ಸದ್ದಿನ ಮಟ್ಟಕ್ಕಿಂತಲೂ ಕೆಳಗಿರುವ ಹಡಗಿನ ಸದ್ದಿಗೆ ಊಟ ಬಿಡುವ ಪ್ರಾಣಿಗೆ ಈ ಗೆರೆಯಿಂದ ಏನು ಪ್ರಯೋಜನ? ಕಿವಿಗೆ ಗಾಯವಾಯಿತೇ, ತಿಮಿಂಗಿಲ ಸತ್ತು ದಡಕ್ಕೆ ಬಂತೇ ಎಂದು ಕೇಳುವವರಿಗೆ ಆರ್ಕ್ಟಿಕ್‌ನಲ್ಲಿ ಹೆಚ್ಚೇನೂ ಕಾಣಿಸದು. ನಾವು ಕೇಳಬೇಕಾದದ್ದು ಎಷ್ಟು ಗಂಟೆ ಊಟ ತಪ್ಪಿತು, ತಾಯಿಮರಿಗಳ ನಡುವೆ ಎಷ್ಟು ಕರೆಗಳು ಕೇಳದೇ ಹೋದವು ಎಂದು. ಬೇಸಿಗೆ ಚಿಕ್ಕದಾದ ನಾಡಿನಲ್ಲಿ ಇವು ಸಣ್ಣ ನಷ್ಟಗಳಲ್ಲ.

ತಾಪ ಏರಿದ್ದರಿಂದ ಎಲ್ಲವೂ ಎಲ್ಲರಿಗೂ ಕೆಟ್ಟದ್ದೇ ಆಗಿದೆ ಎಂದು ಹೇಳಿದರೆ ಅದು ಸತ್ಯವಾಗದು. ಅಲಾಸ್ಕಾದ ಬೋಹೆಡ್‌ಗಳ ಮೈತುಂಬುವಿಕೆ ಗಡ್ಡೆ ಕಡಿಮೆಯಾದ ವರ್ಷಗಳಲ್ಲಿ ಉತ್ತಮಗೊಂಡದ್ದು ಕಂಡುಬಂದಿದೆ. ತೆರೆದ ನೀರಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿ, ಅವನ್ನು ತಿನ್ನುವ ಸಣ್ಣ ಪ್ರಾಣಿಗಳೂ ಹೆಚ್ಚಿದ್ದು ಇದಕ್ಕೆ ಕಾರಣವಿರಬಹುದು. 2018-19ರ ಚಳಿಗಾಲದಲ್ಲಿ ಕೆಲವು ಬೋಹೆಡ್‌ಗಳು ಎಂದಿನಂತೆ ಬೇರಿಂಗ್ ಸಮುದ್ರಕ್ಕೆ ಇಳಿಯದೆ ಕೆನಡಾದ ಅಮಂಡ್‌ಸನ್ ಕೊಲ್ಲಿಯ ಆಸುಪಾಸಿನಲ್ಲೇ ಉಳಿದವು, ಅದು ತಿಳಿದದ್ದೂ ಹೈಡ್ರೋಫೋನ್‌ಗಳಿಂದಲೇ. ಆದರೆ ಗಡ್ಡೆ ಸರಿದಲ್ಲಿಗೆ ಓರ್ಕಾಗಳೂ, ಅಂದರೆ ಕೊಲೆಗಾರ ತಿಮಿಂಗಿಲಗಳೂ ಬರುತ್ತವೆ. ಕೆನಡಾದ ಬ್ಯಾಫಿನ್ ದ್ವೀಪದ ಅಡ್ಮಿರಾಲ್ಟಿ ಇನ್ಲೆಟ್ ಎಂಬ ಕಿರುಕೊಲ್ಲಿಯಲ್ಲಿ ಓರ್ಕಾಗಳಿದ್ದಾಗ ನಾರ್ವಾಲ್‌ಗಳು ದಡದಿಂದ 500 ಮೀಟರ್ ಒಳಗೇ ಅಂಟಿಕೊಂಡಿದ್ದವು, ಶತ್ರು 100 ಕಿಲೋಮೀಟರ್ ದೂರದಲ್ಲಿದ್ದಾಗಲೂ ಆಳನೀರಿಗೆ ಹೋಗಲಿಲ್ಲ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಒಂದು ಕಡೆ ಓರ್ಕಾದ ಭಯ, ಇನ್ನೊಂದು ಕಡೆ ಹಡಗಿನ ಸದ್ದು. ಎರಡಕ್ಕೂ ನಾರ್ವಾಲ್ ಕೊಡುವ ಬೆಲೆ ಒಂದೇ, ಬಿಟ್ಟ ಊಟ.

ಈ ಪೇಚನ್ನು ಇಡಿಯಾಗಿ ಕಾಣಬೇಕೆಂದರೆ ಅದೇ ಬ್ಯಾಫಿನ್ ದ್ವೀಪದ ಉತ್ತರ ತುದಿಯ ಮಿತ್ತಿಮಾತಲಿಕ್‌ಗೆ ಹೋಗಬೇಕು. ನಕ್ಷೆಗಳಲ್ಲಿ ಅದರ ಹೆಸರು ಪಾಂಡ್ ಇನ್ಲೆಟ್. ಆ ಊರಿನ ಮುಂದಿನ ಎಕ್ಲಿಪ್ಸ್ ಸೌಂಡ್ ನಾರ್ವಾಲ್‌ಗಳ ಬೇಸಿಗೆಯ ನೆಲೆ. ಮೇರಿ ರಿವರ್ ಗಣಿಯ ಕಬ್ಬಿಣದ ಅದಿರನ್ನು ಹೊತ್ತ ಹಡಗುಗಳು 2015ರಿಂದ ಮಿಲ್ನ್ ಇನ್ಲೆಟ್ ಬಂದರಿನಿಂದ ಹೊರಟು ಇದೇ ನೀರಿನ ಮೂಲಕ ಸಾಗುತ್ತಿವೆ. 2016ರ ಗಣತಿಯಲ್ಲಿ ಅಲ್ಲಿ ಸುಮಾರು 12,000 ನಾರ್ವಾಲ್‌ಗಳಿದ್ದವು, 2021ರಲ್ಲಿ ಸುಮಾರು 2,600. ಅವೆಲ್ಲ ಸತ್ತುಹೋದವೆಂದಲ್ಲ, ಹಲವು ಪಕ್ಕದ ಅಡ್ಮಿರಾಲ್ಟಿ ಇನ್ಲೆಟ್‌ಗೆ ಸರಿದಿರಬಹುದು. ಗಡ್ಡೆಯ ಸ್ಥಿತಿ, ಓರ್ಕಾಗಳು ಮತ್ತಿತರ ಕಾರಣಗಳನ್ನೂ ಪರಿಗಣಿಸಬೇಕೆಂಬ ವಾದವಿದೆ. ಊರಿನ ಬೇಟೆಗಾರರು ಮಾತ್ರ ಹಡಗುಗಳ ಕಡೆಗೇ ಬೊಟ್ಟು ಮಾಡಿದರು. ವಾರ್ಷಿಕ ಸಾಗಣೆಯನ್ನು 60 ಲಕ್ಷ ಟನ್ನಿನಿಂದ 1 ಕೋಟಿ 20 ಲಕ್ಷ ಟನ್ನಿಗೆ ಏರಿಸುವ ಪ್ರಸ್ತಾವದ ವಿಚಾರಣೆ ನಡೆಯುತ್ತಿದ್ದ 2021ರ ಫೆಬ್ರವರಿಯಲ್ಲಿ, ಕೊರೆಯುವ ಚಳಿಯಲ್ಲಿ, ಅವರಲ್ಲಿ ಕೆಲವರು ಗಣಿಯ ವಿಮಾನದಾರಿಯನ್ನೇ ತಡೆದು ಕುಳಿತರು. 2022ರ ಮೇ ತಿಂಗಳಲ್ಲಿ ಆ ದ್ವೀಪವಿರುವ ನುನಾವುತ್ ಪ್ರಾಂತದ ಪರಿಣಾಮ ಪರಿಶೀಲನಾ ಮಂಡಳಿ ವಿಸ್ತರಣೆ ಬೇಡವೆಂದು ಶಿಫಾರಸು ಮಾಡಿತು, ನವೆಂಬರಿನಲ್ಲಿ ಕೆನಡಾ ಸರ್ಕಾರ ಅದನ್ನು ಒಪ್ಪಿ ಪ್ರಸ್ತಾವವನ್ನು ತಿರಸ್ಕರಿಸಿತು.

ಇದಕ್ಕೂ ಮೊದಲು ಅದೇ ದ್ವೀಪದ ಕ್ಲೈಡ್ ರಿವರ್ ಎಂಬ ಪುಟ್ಟ ಊರು ಏರ್‌ಗನ್ ಸಮೀಕ್ಷೆಯ ವಿರುದ್ಧ ಕೆನಡಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರ ಜುಲೈನಲ್ಲಿ ಗೆದ್ದಿತ್ತು. ತೀರ್ಪಿನಲ್ಲಿರುವ ಒಂದು ವಿವರ ನನಗೆ ಇಡೀ ಪ್ರಕರಣಕ್ಕಿಂತ ಹೆಚ್ಚು ಹೇಳುವಂತೆ ಕಾಣುತ್ತದೆ. ಈ ಸದ್ದಿನಿಂದ ಪ್ರಾಣಿಗಳಿಗೆ ಏನಾಗುತ್ತದೆ ಎಂದು ಊರಿನವರು ಸಮೀಕ್ಷೆಯ ಕಂಪನಿಗಳನ್ನು ಸಭೆಗಳಲ್ಲಿ ಎದುರಾಬದುರು ಕೇಳಿದ್ದರು. ಆಗ ಉತ್ತರ ಸಿಗಲಿಲ್ಲ. ತಿಂಗಳುಗಳ ನಂತರ 3,926 ಪುಟಗಳ ದಾಖಲೆಯೊಂದನ್ನು ಅಂತರ್ಜಾಲಕ್ಕೆ ಏರಿಸಲಾಯಿತು. ಅದರ ಬಹುಭಾಗ ಇಂಗ್ಲಿಷಿನಲ್ಲಿತ್ತು, ಆ ಊರುಗಳ ಇಂಟರ್ನೆಟ್ಟಿನಲ್ಲಿ ಅದನ್ನು ಇಳಿಸಿಕೊಳ್ಳುವುದೇ ದುಸ್ತರವಾಗಿತ್ತು. ಇದನ್ನು ಊರಿನವರೊಡನೆ ನಡೆಸಬೇಕಿದ್ದ ಸಮಾಲೋಚನೆ ಎನ್ನಲಾಗದೆಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿ ಅನುಮತಿಯನ್ನು ರದ್ದುಪಡಿಸಿತು.

ನಮ್ಮ ದೇಶಕ್ಕೂ ಈ ಕೇಳುವ ಕೆಲಸಕ್ಕೂ ಸಣ್ಣದೊಂದು ನಂಟಿದೆ. ಸ್ವಾಲ್‌ಬಾರ್ಡ್‌ನ ಕಾಂಗ್ಸ್‌ಫ್ಯೋರ್ಡನ್ ಕಿರುಕೊಲ್ಲಿಯಲ್ಲಿ ಭಾರತ 2014ರ ಜುಲೈನಲ್ಲಿ 'ಇಂಡಾರ್ಕ್' ಎಂಬ ವೀಕ್ಷಣಾ ವ್ಯವಸ್ಥೆಯನ್ನು ಸುಮಾರು 190 ಮೀಟರ್ ಆಳದಲ್ಲಿ ಲಂಗರು ಹಾಕಿ ನಿಲ್ಲಿಸಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಆ ಕಿರುಕೊಲ್ಲಿಯ ನೀರೊಳಗಿನ ಸದ್ದನ್ನೂ ದಾಖಲಿಸುತ್ತಾ ಬಂದಿದ್ದಾರೆ.

ಕೊನೆಯಲ್ಲಿ ಸಭಿಕರೊಬ್ಬರು, ಹಡಗುಗಳನ್ನು ನಿಧಾನಗೊಳಿಸಿದರೆ ಸಾಲದೇ ಎಂದು ಕೇಳಿದರು. ವೇಗ ತಗ್ಗಿದರೆ ಸದ್ದು ನಿಜಕ್ಕೂ ತಗ್ಗುತ್ತದೆ, ಏಕೆಂದರೆ ಅದರ ಬಹುಪಾಲು ಪ್ರೊಪೆಲರ್‌ನ ಅಲಗುಗಳ ಸುತ್ತ ಗುಳ್ಳೆಗಳೆದ್ದು ಒಡೆಯುವುದರಿಂದ ಹುಟ್ಟುತ್ತದೆ. ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2014ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಇಂಥ ಕ್ರಮಗಳಿವೆ. ಆದರೆ ಅವನ್ನು ಪಾಲಿಸಲೇಬೇಕೆಂಬ ಕಡ್ಡಾಯವಿಲ್ಲ. ಬೋಹೆಡ್‌ಗಳಿಗೆ ನಿಧಾನದ ಹಡಗಿನಿಂದ ಸ್ವಲ್ಪ ಅನುಕೂಲವಾದೀತು. ನಾರ್ವಾಲ್‌ಗಳ ವಿಷಯದಲ್ಲಿ ನನಗೆ ಆ ಭರವಸೆಯಿಲ್ಲ. ಕಿರಿದಾದ ಕಿರುಕೊಲ್ಲಿಯಲ್ಲಿ ನಿಧಾನದ ಹಡಗು ಹೆಚ್ಚು ಹೊತ್ತು ಇರುತ್ತದೆ, ಮತ್ತು 40 ಕಿಲೋಮೀಟರ್ ದೂರದಿಂದಲೇ ಕೇಳಿಸಿಕೊಳ್ಳುವ ಪ್ರಾಣಿಗೆ ಅಲ್ಲಿ ಸರಿದುಹೋಗಲು ಜಾಗವಿರುವುದಿಲ್ಲ. ಅಂಥ ನೀರಿಗೆ ಕೆಲವು ವಾರ ಹಡಗೇ ಬರದಂತೆ ನೋಡಿಕೊಳ್ಳುವುದೊಂದೇ ದಾರಿ. ಕೆನಡಾ 2019ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ಸಂಘಟನೆಯೊಡನೆ ಒಪ್ಪಂದ ಮಾಡಿಕೊಂಡು ಲ್ಯಾಂಕಾಸ್ಟರ್ ಸೌಂಡ್ ಸುತ್ತಲಿನ ಒಂದು ಲಕ್ಷ ಚದರ ಕಿಲೋಮೀಟರ್‌ಗೂ ಹೆಚ್ಚಿನ ಕಡಲನ್ನು ತಲ್ಲುರುತಿಯುಪ್ ಇಮಂಗಾ ಎಂಬ ಸಂರಕ್ಷಿತ ಪ್ರದೇಶವೆಂದು ಗುರುತಿಸಿದೆ. ಅಲ್ಲಿ ತೈಲ ಹುಡುಕುವಂತಿಲ್ಲ, ಗಣಿ ತೋಡುವಂತಿಲ್ಲ. ಹಡಗು ಸಂಚಾರಕ್ಕೆ ಮಾತ್ರ ಅಡ್ಡಿಯಿಲ್ಲ, ಮೇರಿ ರಿವರ್‌ನ ಅದಿರು ಹಡಗುಗಳ ದಾರಿಯೂ ಅದರ ನಡುವೆಯೇ ಹಾದುಹೋಗುತ್ತದೆ.